ನಲವತ್ತು ಬೋರ್ಡುಗಳ ಮುಂಗಾರು

ಹಳೆಯ ವಾಸನೆ ಮೂಗಿಗೆ ಬಡಿದರೆ ಕೆಲವರಿಗೆ ಕಣ್ಣು ತುಂಬಿ ಬರುತ್ತದಂತೆ. ನನಗೆ ಮೈ ಉರಿಯುತ್ತದೆ. ಮೊನ್ನೆ ಸಿರುಗುಪ್ಪದಲ್ಲಿ ಕರೂರಿನ ಬಸ್ಸು ಕಣ್ಣೆದುರೇ ಹೋಯಿತು. ಮುಂದಿನದು ಇನ್ನೊಂದು ತಾಸಿಗೆ ಎಂದರು. ಬಿಸಿಲಿಗೆ ನಿಲ್ಲಲಾರದೆ ಮೋಟಾರು ರಿಪೇರಿ ಮಾಡುವ ಅಂಗಡಿಯೊಂದರ ತಗಡಿನ ನೆರಳಿಗೆ ಹೋದೆ. ಅಂಗಡಿಯವನು, ನಲವತ್ತೈದರ ಆಸುಪಾಸಿನವನು, ಸ್ಟೂಲು ಸರಿಸಿ "ಕುಂದ್ರಿ ಮೇಡಂ" ಅಂದ. ಕೂತೆ. ಸುಟ್ಟ ವಾರ್ನಿಷ್ ವಾಸನೆ, ಸೋಲ್ಡರಿನ ಹೊಗೆ, ಅವೆರಡರ ಕೆಳಗೆ ತುಕ್ಕು ಹಿಡಿದ ಕಬ್ಬಿಣಕ್ಕೆ ಹುಣಸೆಹುಳಿ ಹಿಂಡಿದಂಥ ಮೂರನೆಯದೊಂದು. ಫೆರಿಕ್ ಕ್ಲೋರೈಡು. ತಾಮ್ರದ ಹಾಳೆಯನ್ನು ತಿಂದು, ನಾವು ಮಸಿ ಹಚ್ಚಿ ಮುಚ್ಚಿದ ಗೆರೆಗಳನ್ನು ಮಾತ್ರ ಉಳಿಸುವ ನೀರು. ಆ ನೀರಿನಲ್ಲಿ ನನ್ನ ಮೂರು ಸೀರೆ ಹಾಳಾಗಿವೆ. ಸೀರೆಯ ಮಾತು ಬಿಡಿ, ಒಬ್ಬ ಒಳ್ಳೆಯ ಮನುಷ್ಯನ ಮರ್ಯಾದೆಯೂ ಹೋಯಿತು. ಅದು ಸಾವಿರದ ಒಂಬೈನೂರ ಎಂಬತ್ತೆಂಟರ ಮುಂಗಾರು.

ನಾನಾಗ ಡಿಪ್ಲೊಮಾ ಮುಗಿಸಿ ಬಳ್ಳಾರಿಯ ಪಾರ್ವತಿನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಎರಡು ಬೀದಿ ಆಚೆ ಚನ್ನಪ್ಪನವರ ವರ್ಕ್‌ಶಾಪು. ವರ್ಕ್‌ಶಾಪು ಎಂದರೆ ಮನೆಯ ಮುಂದಿನ ಎರಡು ಕೋಣೆ, ಮೇಲೊಂದು ಮಾಳಿಗೆ. ಅಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯೊಳಗೆ ಕೂರಿಸುವ ಒಂದು ಸಣ್ಣ ಬೋರ್ಡು ತಯಾರಾಗುತ್ತಿತ್ತು. ಹಳ್ಳಿಗೆ ಬರುವ ಮೂರು ಲೈನಿನ ಕರೆಂಟಿನಲ್ಲಿ ಒಂದು ಲೈನು ಹೋಯಿತೆನ್ನಿ, ಮೋಟಾರು ತಿರುಗಲಾರದೆ ಗುಂಯ್ ಎನ್ನುತ್ತ ಹತ್ತು ನಿಮಿಷದಲ್ಲಿ ಸುಟ್ಟುಕೊಳ್ಳುತ್ತದೆ. ಹಾಗಾಗುವ ಮೊದಲೇ ಈ ಬೋರ್ಡು ಮೋಟಾರನ್ನು ಆಫ್ ಮಾಡಬೇಕು. ನಾಟಿಯ ಹೊತ್ತಿನಲ್ಲಿ ಮೋಟಾರು ಸುಟ್ಟರೆ ಏನು ಗತಿ ಎಂಬುದು ಕರೂರಿನಲ್ಲಿ ಹುಟ್ಟಿದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನನ್ನ ಕೆಲಸ ಬೆಂಚಿನ ಮುಂದೆ ಕೂತು ಸೋಲ್ಡರ್ ಮಾಡುವುದು. ಆಗೀಗ, ಯಾವ ಭಾಗ ಎಲ್ಲಿ ಕೂರಬೇಕು, ಯಾವುದರಿಂದ ಯಾವುದಕ್ಕೆ ತಾಮ್ರದ ಗೆರೆ ಹೋಗಬೇಕು ಎಂದು ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಡುವುದು. ಆ ಹಾಳೆ ಹೋಗುತ್ತಿದ್ದುದು ಎರ್ರಣ್ಣನ ಕೈಗೆ.

ಎರ್ರಣ್ಣ ದಿನಾ ಕುರುಗೋಡಿನಿಂದ ಬಸ್ಸಿಗೆ ಬರುತ್ತಿದ್ದ. ಐವತ್ತು ದಾಟಿತ್ತು. ಮೂಲತಃ ಬೋರ್ಡು ಬರೆಯುವವನು, ಅಂಗಡಿಯ ಬೋರ್ಡು. ಸಿರುಗುಪ್ಪದ ಅಕ್ಕಿ ಗಿರಣಿಗಳ ಚೀಲದ ಮೇಲೆ ಮುದ್ರೆ ಹಾಕಲು ಸ್ಕ್ರೀನ್ ಪ್ರಿಂಟಿಂಗ್ ಕಲಿತು, ಅಲ್ಲಿಂದ ನಮ್ಮ ಕಡೆ ಬಂದಿದ್ದ. ಬಳ್ಳಾರಿಯ ಬಟ್ಟೆ ಅಂಗಡಿಗಳ ಗಾಜಿನ ಮೇಲೆ ಹೆಸರು ಬರೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಗಾಜಿಗೆ ಹೊರಗಿನಿಂದ ಬರೆದರೆ ಧೂಳು, ಮಳೆ, ಒರೆಸುವವರ ಬಟ್ಟೆ ಸೇರಿ ಆರು ತಿಂಗಳಲ್ಲಿ ಬಣ್ಣ ಹೋಗುತ್ತದೆ. ಅದಕ್ಕೆ ಒಳಗೆ ನಿಂತು, ಹೊರಗಿನವರಿಗೆ ಸರಿಯಾಗಿ ಕಾಣುವಂತೆ ಅಕ್ಷರಗಳನ್ನು ತಿರುವುಮುರುವಾಗಿ, ಕೊನೆಯ ಅಕ್ಷರದಿಂದ ಮೊದಲಿನದಕ್ಕೆ ಬರೆಯುತ್ತಿದ್ದ. ಬರೆಯುತ್ತ ಅಂಗಡಿಯವನ ಜೊತೆ ಹರಟೆಯನ್ನೂ ಹೊಡೆಯುತ್ತಿದ್ದ. ಯಾವುದನ್ನು ಯಾವ ಕಡೆಯಿಂದ ನೋಡಬೇಕೋ ಆ ಕಡೆಗೆ ತಿರುವಿ ಬರೆಯುವುದು ಅವನ ಕೈಗೆ ಹತ್ತಿದ ರೂಢಿ, ಅದಕ್ಕೆ ತಲೆಯ ಅಪ್ಪಣೆ ಬೇಕಿರಲಿಲ್ಲ.

ನನ್ನ ಪೆನ್ಸಿಲ್ ಹಾಳೆಯನ್ನು ಅವನು ದೊಡ್ಡದಾಗಿ ಮಸಿಯಲ್ಲಿ, ಕಪ್ಪು ಟೇಪಿನಲ್ಲಿ ತಿದ್ದಿ, ಫೋಟೊ ಸ್ಟುಡಿಯೊದಲ್ಲಿ ಅದನ್ನು ಅಸಲು ಅಳತೆಗೆ ಇಳಿಸಿ ಫಿಲ್ಮು ಮಾಡಿಸಿ, ಫಿಲ್ಮಿನಿಂದ ಸ್ಕ್ರೀನು ಮಾಡಿ, ಸ್ಕ್ರೀನಿನ ಮೂಲಕ ತಾಮ್ರದ ಮೇಲೆ ರಬ್ಬರು ಪಟ್ಟಿಯಿಂದ ಮಸಿ ಎಳೆಯುತ್ತಿದ್ದ. ಸ್ಕ್ರೀನು ಎಂದರೆ ಬಟ್ಟೆ ಬಿಗಿದ ಚೌಕಟ್ಟು, ಅದರ ಮೇಲೆ ಫಿಲ್ಮು ಇಟ್ಟು ಬಿಸಿಲು ತೋರಿಸಬೇಕು. ಬಳ್ಳಾರಿಯಲ್ಲಿ ಬಿಸಿಲಿಗೇನು ಬರ? "ಎಷ್ಟು ನಿಮಿಷ ಇಡ್ತೀ ಎರ್ರಣ್ಣ?" ಎಂದು ಒಮ್ಮೆ ನೋಟ್‌ಬುಕ್ಕು ಹಿಡಿದು ಕೇಳಿದೆ.

"ಅರ್ಧ ಬೀಡಿ."

"ಗಾಳಿಗೆ ಬೀಡಿ ಲಗೂ ಉರದ್ರ?"

"ಅವಾಗ ನಾ ಮೆಲ್ಲಕ ಎಳೀತೀನವ್ವ."

ನೋಟ್‌ಬುಕ್ಕು ಮುಚ್ಚಿದೆ. ಅವನು ಇನ್ನೂ ಏನೇನು ಮಾಡುತ್ತಾನೆಂದು ಅಂದಿನಿಂದ ಕೇಳಲಿಲ್ಲ. ಕೇಳಬೇಕಿತ್ತು.

ಹೀಗೆ ನೆಟ್ಟಗೆ ನಡೆದಿದ್ದ ಸಂಸಾರಕ್ಕೆ ಚನ್ನಪ್ಪನವರು ಇರಲಾರದೆ ಇರುವೆ ಬಿಟ್ಟುಕೊಂಡರು. ಬೆಂಗಳೂರಿನಲ್ಲಿದ್ದ ಅವರ ಭಾವಮೈದುನ ಯಾವುದೋ ಕಂಪನಿಯವರು ಕೈಬಿಟ್ಟ ಕಂಪ್ಯೂಟರೊಂದನ್ನು ಕೊಡಿಸಿದ. ಜೂನ್ ತಿಂಗಳ ಮೊದಲ ಮಳೆಯ ದಿನ, ಹೊದಿಸಿದ ಗೋಣಿಯ ಸಮೇತ ತೊಯ್ದುಕೊಂಡು ಅದು ಲಾರಿಯಿಂದ ಇಳಿಯಿತು. ಎರಡು ಫ್ಲಾಪಿಯ ಬಾಯಿ, ಹಸಿರು ಅಕ್ಷರದ ಪರದೆ, ಕರ್ ಕರ್ ಎನ್ನುವ ಒಂದು ಪ್ರಿಂಟರು. ಜೊತೆಗೆ ಬೋರ್ಡು ಡಿಸೈನ್ ಮಾಡುವ ಸಾಫ್ಟ್‌ವೇರಿನ ಒಂದು ಫ್ಲಾಪಿ, ಅದರ ಪುಸ್ತಕದ ಜೆರಾಕ್ಸು. ಚನ್ನಪ್ಪನವರ ಹೆಂಡತಿ ಕಾಯಿ ಒಡೆದು, ಕೀಬೋರ್ಡಿನ ನಾಲ್ಕು ಮೂಲೆಗೆ ಕುಂಕುಮ ಹಚ್ಚಿದರು. ಒಂದು ಚಿಟಿಕೆ ಕುಂಕುಮ ಕೆಳಗಿನ ಬಾಣದ ಗುರುತಿನ ಕೀಲಿಯೊಳಗೆ ಇಳಿದು, ಆ ವರ್ಷವಿಡೀ ಅದು ಒತ್ತಿದರೆ ಮೇಲೇಳದಂತಾಯಿತು. ಕೆಳಗೆ ಹೋಗೆಂದರೆ ಹೋಗುತ್ತಲೇ ಇರುತ್ತಿತ್ತು, ಪರದೆಯ ತಳ ಮುಟ್ಟಿ ಕುಂಯ್ ಕುಂಯ್ ಎನ್ನುವವರೆಗೂ.

ಅದೇ ವಾರ ಕರೂರಿನಿಂದ ನನ್ನ ಸೋದರಮಾವ ದೊಡ್ಡಬಸಪ್ಪ ಬಂದ. ಕಾಲುವೆ ನೀರು ಹತ್ತದ ಎತ್ತರದ ಗದ್ದೆಗಳಿಗೆ ಅವರೆಲ್ಲ ಹಳ್ಳದಿಂದ ಮೋಟಾರಿನಲ್ಲಿ ನೀರೆತ್ತುತ್ತಿದ್ದರು. ಹಿಂದಿನ ವರ್ಷ ನಾಟಿಯಲ್ಲಿ ಹನ್ನೊಂದು ಮೋಟಾರು ಸುಟ್ಟಿದ್ದವು, ಅದರಲ್ಲಿ ಮಾವನದೂ ಒಂದು. ಊರಿನವರೆಲ್ಲ ಸೇರಿ ನಲವತ್ತು ಬೋರ್ಡು ಬೇಕೆಂದರು. ಚನ್ನಪ್ಪನವರು ನನ್ನ ಕಡೆ ತಿರುಗಿದರು.

"ನೋಡವ್ವಾ ಹಂಪಮ್ಮ, ನಲವತ್ತೂ ಹೊಸಾ ಡಿಸೈನ್ ಆಗ್ಲಿ, ಐಸಿ ಹಾಕಿದ್ದು. ಕಂಪ್ಯೂಟರ್‌ನಾಗ ನೀನಾ ಮಾಡು. ನಾಟಿಗಿಂತ ಮುಂಚೆ ಕರೂರಾಗ ಓಡಬೇಕು. ಓಡಿದ್ರ ಡಿಸೈನ್ ಕೆಲಸ ಕಾಯಂ ನಿಂದು. ಓಡ್ಲಿಲ್ಲಾಂದ್ರ ಇದನ್ನ ಬಂದ ದಾರೀಲೆ ವಾಪಸ್ ಕಳಸ್ತೀನಿ, ನೀ ಸೋಲ್ಡರ್ ಹಿಡ್ಕಂಡು ಬೆಂಚಿಗೆ ಹೋಗು. ಏನಂತೀ?"

ಇಪ್ಪತ್ತೊಂದು ವರ್ಷದವಳು ಏನನ್ನುತ್ತಾಳೆ? ಹೂಂ ಅಂದೆ. ಆ ಬೆಂಚು ನನಗೆ ಸಾಕಾಗಿತ್ತು. ಬೇರೆಯವರು ಯೋಚಿಸಿದ್ದನ್ನು ನಾನು ಅಂಟಿಸುತ್ತ ಕೂರುವ ಬದಲು ನಾನೇ ಯೋಚಿಸುವ ಕುರ್ಚಿಯೊಂದು ಎದುರಿಗಿತ್ತು. ಅದು ನನಗೆ ಬೇಕೇ ಬೇಕಿತ್ತು.

ಬೇಕಿತ್ತೆಂದರೆ ಸಿಗುತ್ತದೆಯೇ? ಆ ಸಾಫ್ಟ್‌ವೇರು ಬರೆದವನು ಯಾರೋ ನನಗೆ ಗೊತ್ತಿಲ್ಲ, ಆದರೆ ಮನುಷ್ಯರ ಮೇಲೆ ಅವನಿಗೆ ಏನೋ ಹಳೆಯ ಹಗೆ ಇದ್ದಿರಬೇಕು. ಮೊದಲ ಫ್ಲಾಪಿ ಹಾಕಿ ಕಂಪ್ಯೂಟರನ್ನು ಎಬ್ಬಿಸಬೇಕು. ಎದ್ದಮೇಲೆ ಅದನ್ನು ತೆಗೆದು ಎರಡನೆಯದನ್ನು ಹಾಕಬೇಕು. ಒಂದು ಗೆರೆ ಎಳೆದು ಮುಗಿಸುವಷ್ಟರಲ್ಲಿ ಮೊದಲಿನದನ್ನು ಮತ್ತೆ ಹಾಕು ಎನ್ನುತ್ತದೆ. ಇಲ್ಲೊಂದು ಬಿಂದು ಇಡು, ಅಲ್ಲೊಂದು ಇಡು, ಎರಡನ್ನೂ ಸೇರಿಸು ಎಂದರೆ, ಸುಮ್ಮನೆ ನೇರ ಹೋಗುವ ದಾರಿ ಇದ್ದರೂ ಗೆರೆ ಊರೆಲ್ಲ ಸುತ್ತಿ ಬರುತ್ತಿತ್ತು. ಬಂದು ಇನ್ನೊಂದು ಗೆರೆಯ ಮೈಮೇಲೆ ಹತ್ತುತ್ತಿತ್ತು. ಒಂದೇ ಮಗ್ಗುಲಿಗೆ ತಾಮ್ರವಿರುವ ಬೋರ್ಡಿನಲ್ಲಿ ಗೆರೆಯ ಮೇಲೆ ಗೆರೆ ಹಾಯುವಂತಿಲ್ಲ. ಒಂದನ್ನು ಅಳಿಸು ಎಂದರೆ ಎರಡೂ ಅಳಿಯುತ್ತಿದ್ದವು.

ಪುಸ್ತಕ ನೋಡೋಣವೆಂದರೆ ಜೆರಾಕ್ಸು ಮಾಡಿದ ಪುಣ್ಯಾತ್ಮ ಮೂವತ್ತನೆಯ ಪುಟದಿಂದ ನಲವತ್ತೊಂದಕ್ಕೆ ಹಾರಿದ್ದ. ನನಗೆ ಬೇಕಾದದ್ದೆಲ್ಲ, "ವಿವರಕ್ಕೆ ಪುಟ ಮೂವತ್ತಾರು ನೋಡಿ" ಎಂದು ಅಲ್ಲಿಯೇ ಇರುತ್ತಿತ್ತು.

ಇನ್ನು ಕರೆಂಟು. ಲೈನು ಕೈಕೊಟ್ಟಾಗ ಮೋಟಾರನ್ನು ಕಾಯುವ ಬೋರ್ಡನ್ನು, ಲೈನು ಕೈಕೊಡುತ್ತಲೇ ಇರುವ ಊರಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಮಾಡಬೇಕು. ನನ್ನನ್ನು ಕಾಯುವ ಬೋರ್ಡು ಯಾರೂ ಮಾಡಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಕೂತರೆ ಹತ್ತೂವರೆಗೆ ಪಟ್ ಎಂದು ಪರದೆ ಕಪ್ಪಾಗುವುದು, ಒಂದೂವರೆ ತಾಸಿನ ಗೆರೆಗಳು ಗಂಗೆಯ ಪಾಲು. ಹತ್ತು ನಿಮಿಷಕ್ಕೊಮ್ಮೆ ಫ್ಲಾಪಿಗೆ ಉಳಿಸುವುದು ಕಲಿತೆ. ಆಮೇಲೆ ಉಳಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗತೊಡಗಿತು. ಹಾಗೆ ಹೋದರೆ ಹೊಸದೂ ಇಲ್ಲ, ಹಳೆಯದೂ ಇಲ್ಲ. ಜೂನ್ ಮುಗಿಯುವುದರೊಳಗೆ ಆ ಒಂದೇ ಬೋರ್ಡನ್ನು ನಾನು ಏಳು ಸಲ ಮೊದಲಿನಿಂದ ಬರೆದಿದ್ದೆ. ಏಳನೆಯ ಸಲ ಪರದೆ ಆರಿದಾಗ ಕೀಬೋರ್ಡನ್ನು ಎತ್ತಿ ಕುಕ್ಕಿದೆ. ಕುಂಕುಮ ಹಾರಿತೇ ಹೊರತು ಕೀಲಿ ಮಾತ್ರ ಮೇಲೇಳಲಿಲ್ಲ.

ಎರ್ರಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಳಗೆ ಬರಬೇಕಾದರೆ ಕಾಲು ತೊಳೆದು ಬರಬೇಕೆಂದು ಚನ್ನಪ್ಪನವರ ಕಟ್ಟಪ್ಪಣೆ. ಅವನಿಗೆ ಅದು ತಮಾಷೆ.

"ಏನವ್ವಾ, ಏನಂತೈತಿ ನಿನ್ನ ಟಿವಿ?"

"ಟಿವಿ ಅಲ್ಲ ಅದು."

"ನಂಗ ಕೊಟ್ಟಿದ್ರ ಟೇಪ್ ಹಚ್ಚಿ ಎರಡು ದಿನದಾಗ ಕೈಗಿಡ್ತಿದ್ದೆ."

"ನಿನ್ನ ಟೇಪಿನ ಕಾಲ ಮುಗೀತು ಎರ್ರಣ್ಣ," ಅಂದುಬಿಟ್ಟೆ. ಸಿಟ್ಟಿನ ಮಾತು. ಅವನು ನಕ್ಕು, "ಮುಗೀಲಿ ಬಿಡು, ಕೈ ಅಂತೂ ಐತಲ್ಲ," ಎಂದು ಮಾಳಿಗೆ ಹತ್ತಿ ಹೋದ.

ಜುಲೈ ಎರಡನೆಯ ವಾರಕ್ಕೆ ಬೋರ್ಡು ಪರದೆಯ ಮೇಲೆ ಪೂರ್ತಿ ನಿಂತಿತು. ಮೂಲೆಯಲ್ಲಿ ಜಾಗ ಉಳಿದಿತ್ತು. ನನ್ನ ಹೆಸರಿನ ಮೊದಲ ಅಕ್ಷರ, ಇಂಗ್ಲಿಷಿನ ಎಚ್ಚನ್ನು ಅಲ್ಲಿ ಕೂರಿಸಿದೆ. ಸಾಫ್ಟ್‌ವೇರಿಗೆ ಕನ್ನಡ ಬರುತ್ತಿರಲಿಲ್ಲ. ಪ್ರಿಂಟು ತೆಗೆದು, ಸ್ಟುಡಿಯೊದಲ್ಲಿ ಇಳಿಸಿ, ಒಂದು ಬೋರ್ಡು ಮಾಡಿ ನೋಡಿದರೆ ಐಸಿ ಎಂಬ ಕಪ್ಪು ಚಿಪ್ಪಿನ ಹದಿನಾಲ್ಕು ಕಾಲುಗಳಲ್ಲಿ ಆಚೀಚೆ ಎರಡೆರಡು ತೂತಿಗೆ ಇಳಿದವು, ಉಳಿದವು ಇಳಿಯಲೊಲ್ಲವು. ಸ್ಕೇಲು ಹಿಡಿದೆ. ಗುಂಡಗಿರಬೇಕಾದ ಬಿಂದುಗಳೆಲ್ಲ ಕೋಳಿಮೊಟ್ಟೆಗಳಾಗಿದ್ದವು. ಅಡ್ಡ ಸರಿಯಿದೆ, ಉದ್ದ ಗಿಡ್ಡವಾಗಿದೆ. ನಾಲ್ಕು ದಿನ ಪ್ರಿಂಟರನ್ನು ಬೈದೆ, ಸ್ಟುಡಿಯೊದವನನ್ನು ಬೈದೆ, ಬಿಸಿಲಿಗೆ ಸೆಟೆದ ಕಾಗದವನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ, ಹಾಗೆ. ಕಡೆಗೆ ಹಟಕ್ಕೆ ಬಿದ್ದು ಕೀಬೋರ್ಡಿನ ಒಂದೊಂದೇ ಕೀಲಿ ಒತ್ತುತ್ತ ಹೋದೆ. ಒಂಬತ್ತನೆಯದನ್ನು ಒತ್ತಿದಾಗ ಪರದೆ, ಕರಡು ಪ್ರಿಂಟು ಬೇಕೋ ಅಸಲಿ ಅಳತೆಯ ಪ್ರಿಂಟು ಬೇಕೋ ಎಂದು ಕೇಳಿತು. ಇದನ್ನು ಅದು ಒಂದು ತಿಂಗಳ ಹಿಂದೆಯೇ ಕೇಳಬಹುದಿತ್ತು. ಪುಟ ಮೂವತ್ತಾರರಲ್ಲಿ ಇದ್ದಿರಬೇಕು.

ಆ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟಾಗಿತ್ತು. ಕರೂರಿನಲ್ಲಿ ಸಸಿಮಡಿ ಹಸಿರಾಗಿ ನಿಂತಿತ್ತು. ದೊಡ್ಡಬಸಪ್ಪ ಮಾವ ಬಂದು ಬಾಗಿಲಲ್ಲಿ ನಿಂತ.

"ಹಂಪಿ, ಮುಂದಿನ ವಾರ ಆಳು ಇಳಿತಾರ. ಬೋರ್ಡ್ ಎಲ್ಲಿ?"

"ಬರ್ತಾವ ಮಾವ."

"ನೀ ಹೇಳಿದ್ದಿ ಅಂತ ನಾ ಊರಿಗೆಲ್ಲ ಹೇಳೀನಿ. ಹೋದ ವರ್ಷದಂಗ ಆದ್ರ ನನ್ನ ಮುಖ ಎಲ್ಲಿ ಇಡ್ಲಿ?"

ಚನ್ನಪ್ಪನವರು ಇನ್ನೊಂದು ಬೋರ್ಡು ಮಾಡಿ ನೋಡುವಷ್ಟು ಪುರಸತ್ತಿಲ್ಲ, ನಲವತ್ತನ್ನೂ ಒಟ್ಟಿಗೇ ಎಳೆದುಬಿಡಿ ಎಂದರು.

ಈಗ ನಾನು ಮಾಡಿದ ಘನಕಾರ್ಯಕ್ಕೆ ಬರುತ್ತೇನೆ. ಪುಸ್ತಕದ ಉಳಿದಿದ್ದ ಪುಟವೊಂದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಪರದೆಯ ಮೇಲೆ ಕಾಣುವುದು ಬೋರ್ಡನ್ನು ಮೇಲಿನಿಂದ, ಭಾಗಗಳು ಕೂರುವ ಕಡೆಯಿಂದ ನೋಡಿದ ನೋಟ. ತಾಮ್ರ ಇರುವುದು ಕೆಳಗಡೆ. ಆದ್ದರಿಂದ ತಾಮ್ರದ ಪ್ರಿಂಟು ತೆಗೆಯುವಾಗ ಕನ್ನಡಿಯಲ್ಲಿ ಕಂಡಂತೆ ತಿರುವಿ ತೆಗೆಯಬೇಕು, ಮರೆತೀರಿ ಜೋಕೆ. ಇಷ್ಟು ದಿನ ನನಗೆ ಇದು ಹೊಳೆದೇ ಇರಲಿಲ್ಲ! ಮೊದಲ ಬೋರ್ಡಿನಲ್ಲಿ ಕಾಲುಗಳೇ ಇಳಿಯದ ಕಾರಣ ಬೇರೆ ಯಾವ ತಪ್ಪೂ ಕಣ್ಣಿಗೆ ಬಿದ್ದಿರಲಿಲ್ಲ. ದೇವರು ದೊಡ್ಡವನು ಎಂದುಕೊಂಡು ತಿರುವುವ ಕೀಲಿ ಒತ್ತಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಇಷ್ಟು ದಿನ ಗೊತ್ತಿರಲಿಲ್ಲವೇ ಎನ್ನುತ್ತಾರಲ್ಲ.

ಹಾಗಾದರೆ ಟೇಪಿನ ಕಾಲದ ಬೋರ್ಡುಗಳು ಹೇಗೆ ಸರಿಯಾಗಿ ಬರುತ್ತಿದ್ದವು ಎಂಬ ಪ್ರಶ್ನೆ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ನಾನು ಮೇಲಿನಿಂದ ನೋಡಿದಂತೆ ಬರೆದುಕೊಟ್ಟದ್ದನ್ನು ಸ್ಕ್ರೀನಿಗೆ ಹಾಕುವಾಗ ಎರ್ರಣ್ಣ ಫಿಲ್ಮನ್ನು ಅಂಗೈಯಲ್ಲಿ ಮಗುಚಿ ಹಾಕುತ್ತಿದ್ದ, ಗಾಜಿನ ಮೇಲಿನ ಅಕ್ಷರದ ಹಾಗೆ, ರೊಟ್ಟಿ ಮಗುಚಿದಷ್ಟು ಸಹಜವಾಗಿ. ಅವನು ಅದನ್ನು ಒಂದು ಕೆಲಸವೆಂದೇ ಎಣಿಸಿರಲಿಲ್ಲ, ಹಾಗಾಗಿ ಯಾರಿಗೂ ಹೇಳಿರಲಿಲ್ಲ. ಈ ಸಲವೂ ಮಗುಚಿದ, ನಾನು ತಿರುವಿದ್ದು ಅವನ ಕೈಯಲ್ಲಿ ಮತ್ತೆ ತಿರುವಿ ಮೊದಲಿನಂತಾಯಿತು. ಫಿಲ್ಮಿನ ಮೇಲೆ ಅಕ್ಷರಗಳೇನಾದರೂ ಇದ್ದಿದ್ದರೆ ಬೋರ್ಡು ಬರೆಯುವವನ ಕಣ್ಣಿಗೆ ಅದು ಉಲ್ಟಾ ಎಂದು ತಟ್ಟನೆ ಹೊಳೆಯುತ್ತಿತ್ತು. ಇದ್ದದ್ದು ನನ್ನ ಎಚ್ ಒಂದೇ. ಅದು ಹೇಗೆ ತಿರುವಿದರೂ ಎಚ್ಚೇ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆವು, ಅದೂ ನಲವತ್ತು.

ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಟಬ್ಬುಗಳಲ್ಲಿ ಎರಡು ದಿನ ತಾಮ್ರ ತಿನ್ನಿಸಿದೆವು. ತೊಳೆದು, ತೂತು ಹಾಕಿ, ಒಣಗಿಸಿ, ಮೊದಲ ಬೋರ್ಡನ್ನು ಬೆಂಚಿಗೆ ತಂದೆ. ಐಸಿಯ ಕಾಲುಗಳು ಬೆಣ್ಣೆಯಲ್ಲಿ ಕೂದಲಿಳಿದಂತೆ ತೂತಿಗಿಳಿದವು. ಖುಷಿಯಿಂದ ಕೂಗಬೇಕೆನ್ನುವಷ್ಟರಲ್ಲಿ ಗೆರೆಗಳನ್ನು ಬೆರಳಿನಿಂದ ಹಿಂಬಾಲಿಸಿದೆ. ಒಂದನೆಯ ಕಾಲಿಗೆ ಬರಬೇಕಾದ್ದು ಹದಿನಾಲ್ಕನೆಯದಕ್ಕೆ ಬಂದಿತ್ತು. ಇನ್ನೊಂದು ಬೋರ್ಡು ತೆಗೆದೆ. ಮತ್ತೊಂದು ತೆಗೆದೆ. ನಲವತ್ತೂ ಒಂದೇ ತಾಯಿಯ ಮಕ್ಕಳು.

"ಎರ್ರಣ್ಣಾ! ಫಿಲ್ಮ್ ಹೆಂಗ ಹಾಕಿದ್ದಿ?"

"ಹೆಂಗ ಅಂದ್ರ? ಯಾವಾಗ್ಲೂ ಹಾಕ್ತೀನಲ್ಲ, ಹಂಗಾ. ತಿರುವಿ."

"ತಿರುವಿ? ಯಾರ್ ಹೇಳಿದ್ರು ತಿರುವಾಕ?"

"ಯಾರ್ ಹೇಳಬೇಕವ್ವಾ? ತಾಮ್ರ ಕೆಳಗ ಇರತೈತಿ, ತಿರುವಲಾರದ ಹಾಕಿದ್ರ ಉಲ್ಟಾ ಬರತೈತಿ. ಹತ್ತು ವರ್ಷದಿಂದ ತಿರುವೀನಿ."

ಚನ್ನಪ್ಪನವರು ಕೂಗಾಟ ಕೇಳಿ ಒಳಗೆ ಬಂದಿದ್ದರು. ಏನಾಯಿತೆಂದರು. ನಾನು ಹೇಳಿದೆ: "ಬೋರ್ಡೆಲ್ಲ ಉಲ್ಟಾ ಬಂದಾವ ಸಾರ್. ಎರ್ರಣ್ಣ ಫಿಲ್ಮ್ ತಿರುವಿ ಹಾಕ್ಯಾರ."

ಸುಳ್ಳಲ್ಲ. ಆದರೆ ಅರ್ಧ. ನಾನೂ ತಿರುವಿದ್ದೇನೆ ಎಂಬ ಇನ್ನರ್ಧ ಗಂಟಲವರೆಗೆ ಬಂತು, ಆ ಕುರ್ಚಿ ಕಣ್ಣಿಗೆ ಬಿತ್ತು, ನುಂಗಿಕೊಂಡೆ. ಇವತ್ತಿಗೂ ಅದು ಅಲ್ಲೇ ಇದೆ.

ಚನ್ನಪ್ಪನವರು ಬೈದ ಬೈಗುಳ ಬರೆಯಲಾರೆ. ನಡು ಬೀದಿಗೆ ಕೇಳುವಂತೆ ಬೈದರು. ವಯಸ್ಸಾಯಿತು, ಕಣ್ಣು ಹೋಯಿತು, ಬೀಡಿ ಸೇದುವುದೊಂದು ಬಿಟ್ಟು ಏನೂ ಬರುವುದಿಲ್ಲ ಎಂದರು. "ಇವತ್ತಿಂದ ಫಿಲ್ಮ್ ಮುಟ್ಟಬ್ಯಾಡ. ಹಂಪಮ್ಮನಾ ಹಾಕ್ತಾಳ. ನೀ ಬರೇ ರಬ್ಬರ್ ಎಳಿ, ಸಾಕು." ಎರ್ರಣ್ಣ ನನ್ನ ಮುಖ ನೋಡಿದ. ಅವನೇನು ದಡ್ಡನೇ? ತಾನು ಹತ್ತು ವರ್ಷ ತಿರುವಿದ್ದು ಸರಿಯಾಗಿ ಬಂದು, ಇವತ್ತು ಮಾತ್ರ ಉಲ್ಟಾ ಬಂದಿದೆಯೆಂದರೆ ಇನ್ನೊಂದು ಕೈ ಇದೆ ಎಂದು ಅವನಿಗೆ ಅರ್ಥವಾಗಿತ್ತು. ನಾನು ತಲೆ ತಗ್ಗಿಸಿದೆ. ಅವನು ಚನ್ನಪ್ಪನವರಿಗೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಚನ್ನಪ್ಪನವರು ಹೋದಮೇಲೆ ಬೋರ್ಡೊಂದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಆ ಕಡೆ ನೋಡಿದ, ಈ ಕಡೆ ನೋಡಿದ.

"ಹಂಪವ್ವಾ, ಗಾಜಿನ ಮ್ಯಾಲ ಉಲ್ಟಾ ಬರದ್ರ ಏನ್ ಮಾಡ್ತಾರ?"

"ಏನ್ ಮಾಡ್ತಾರ, ಅಳಿಸ್ತಾರ," ಅಂದೆ, ಅಳು ಬರುತ್ತಿತ್ತು.

"ಗಾಜು ತಿರುವಿ ಕೂಡಸ್ತಾರ. ನಿನ್ನ ಸಾಮಾನೆಲ್ಲ ಈ ಕಡಿಂದ ಹಾಕು. ತಾಮ್ರದ ಕಡಿಂದ."

ಭಾಗಗಳನ್ನು ತಾಮ್ರದ ಮಗ್ಗುಲಿಗೇ ಕೂರಿಸಿದರೆ ಎಲ್ಲವೂ ಸರಿಹೋಗುತ್ತದೆ. ಅಷ್ಟು ಸರಳ. ಡಿಪ್ಲೊಮಾದವಳಿಗೆ ಹೊಳೆಯಲಿಲ್ಲ. ಕೆಲಸ ಮಾತ್ರ ಸರಳವಾಗಿರಲಿಲ್ಲ. ಪ್ರತಿಯೊಂದನ್ನೂ ಕೂದಲೆಳೆಯಷ್ಟು ಎತ್ತಿ ಹಿಡಿದು, ಅದರ ಹೊಟ್ಟೆಯ ಕೆಳಗೆ ಪಕ್ಕದಿಂದ ಕಾವಿ, ಅಂದರೆ ಸೋಲ್ಡರಿನ ಬಿಸಿ ಕಡ್ಡಿ, ತೂರಿಸಿ ಸೋಲ್ಡರ್ ಮಾಡಬೇಕು. ಅವನು ಬೋರ್ಡು ಹಿಡಿದ, ನಾನು ಕಾವಿ ಹಿಡಿದೆ. ರಿಲೇ ಎಂಬ ಡಬ್ಬಿಯಾಕಾರದ ಭಾಗಕ್ಕೆ ಕಾಲುಗಳೆಲ್ಲ ಅಡಿಯಲ್ಲೇ, ಅಲ್ಲಿ ಕಾವಿ ಹೋಗದು. ಅದನ್ನು ಬೋರ್ಡಿನಿಂದ ಹೊರಗೆ ತಂದು, ವೈರು ಎಳೆದು, ಪಕ್ಕದ ತಗಡಿಗೆ ಬಿಗಿದೆವು. ಮೂರು ದಿನ, ಬೆಳಗಿನಿಂದ ಸಂಜೆಯ ಕುರುಗೋಡು ಬಸ್ಸಿನವರೆಗೆ, ಇಬ್ಬರೂ ಕೆಲಸದ್ದು ಬಿಟ್ಟು ಬೇರೆ ಮಾತಾಡಲಿಲ್ಲ.

ಕರೂರಿಗೆ ಅಕ್ಕಿ ಚೀಲದಲ್ಲಿ ಬೋರ್ಡು ಹೊತ್ತು ಇಬ್ಬರೂ ಹೋದೆವು. ಗದ್ದೆಯಲ್ಲಿ ಹೆಣ್ಣಾಳುಗಳು ಮೊಣಕಾಲು ಕೆಸರಿನಲ್ಲಿ ಬಗ್ಗಿ ನಾಟಿ ಹಚ್ಚುತ್ತಿದ್ದರು. ಮಾವನ ಮೋಟಾರಿಗೆ ಮೊದಲು ಹಾಕಿದೆವು. ಮಾವ ನಂಬುವ ಆಸಾಮಿಯಲ್ಲ. ಮೋಟಾರು ಓಡುತ್ತಿದ್ದಂತೆಯೇ ತಾನೇ ಒಂದು ಫ್ಯೂಸು ಕಿತ್ತ. ಗುಂಯ್ ಎಂದಿತು. ಒಂದು, ಎರಡು, ಮೂರು ಎಂದು ನಾನು ಎಣಿಸುತ್ತಿದ್ದೆ. ಟಕ್. ಮೋಟಾರು ನಿಂತಿತು. ಪೈಪಿನ ನೀರು ಹನಿಯಾಗಿ ನಿಂತುಹೋದದ್ದನ್ನು ನೋಡಿ ಅಷ್ಟು ಸಂತೋಷಪಟ್ಟವಳು ಆ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಮಾವ ಡಬ್ಬಿಯೊಳಗೆ ಇಣುಕಿದ. "ಇದ್ಯಾಕವ್ವಾ ಹಿಂಗೈತಿ? ಹೋದ ವರ್ಷ ದೇಶನೂರಿನವರ ಬೋರ್ಡ್ ನೋಡಿದ್ದೆ, ತಾಮ್ರ ಹಿಂದಿತ್ತು. ಇದ್ರಾಗ ಎಲ್ಲ ಉಲ್ಟಾ ಐತಿ."

ಬಾಯಿ ತೆರೆದೆ. ನನಗಿಂತ ಮುಂಚೆ ಎರ್ರಣ್ಣ ಹೇಳಿದ: "ಇದು ಹೊಸಾ ಡಿಸೈನ್ ಗೌಡ್ರ. ಕಂಪ್ಯೂಟರ್‌ದು. ನಿಮ್ಮ ಹುಡುಗಿ ಬೇಕಂತಾ ಹಿಂಗ ಮಾಡ್ಯಾಳ."

ಬೈಸಿಕೊಂಡು ನಾಲ್ಕು ದಿನವೂ ಆಗಿರಲಿಲ್ಲ.

ಆ ನಾಟಿಯಲ್ಲಿ ಕರೂರಿನಲ್ಲಿ ಒಂದೂ ಮೋಟಾರು ಸುಡಲಿಲ್ಲ. ಕುರ್ಚಿ ನನ್ನದಾಯಿತು. ಮುಂದಿನ ಬೋರ್ಡುಗಳಿಗೆ ಸರಿಯಾದ ಫಿಲ್ಮು ಮಾಡಿದೆ. ಫಿಲ್ಮು ಹಾಕುವಾಗಲೆಲ್ಲ ಎರ್ರಣ್ಣ ಕೈ ಕಟ್ಟಿ ದೂರ ನಿಲ್ಲುತ್ತಿದ್ದ. ನಾನು ಹಾಕಿ ಸರಿದ ಮೇಲೆ ಬಂದು ರಬ್ಬರು ಎಳೆಯುತ್ತಿದ್ದ. ಚನ್ನಪ್ಪನವರಿಗೆ ನಾಳೆ ಹೇಳೋಣ, ದಸರೆ ಮುಗಿಯಲಿ, ಎಂದು ದಿನ ತಳ್ಳಿದೆ. ದೀಪಾವಳಿಯ ಮೇಲೆ ಎರ್ರಣ್ಣ ಬರಲಿಲ್ಲ. ಸಿರುಗುಪ್ಪದಲ್ಲಿ ಮಗಳ ಮನೆಯ ಹತ್ತಿರ ಮತ್ತೆ ಚೀಲಕ್ಕೆ ಮುದ್ರೆ ಹಾಕುತ್ತಾನೆಂದು ಕೇಳಿದೆ. ಅವನಿದ್ದ ಊರು ನನ್ನೂರಿನ ದಾರಿಯಲ್ಲೇ ಇತ್ತು. ಎಷ್ಟೋ ಸಲ ಅಲ್ಲಿ ಬಸ್ಸು ಬದಲಿಸಿದ್ದೇನೆ, ಒಮ್ಮೆಯೂ ಹುಡುಕಲಿಲ್ಲ. ಆಮೇಲೆ ನಾನು ಪಾಠ ಹೇಳುವ ಕೆಲಸಕ್ಕೆ ಸೇರಿ ಬಳ್ಳಾರಿ ಬಿಟ್ಟೆ, ವರ್ಕ್‌ಶಾಪೂ ಮುಚ್ಚಿತು.

ಇಷ್ಟನ್ನೂ ನೆನೆಯುತ್ತ ಸ್ಟೂಲಿನ ಮೇಲೆ ಕೂತಿದ್ದೆ. ಅಂಗಡಿಯವನ ಹೆಸರು ಗಾದಿಲಿಂಗ ಎಂದು ಹೊರಗಿನ ಬೋರ್ಡು ಹೇಳುತ್ತಿತ್ತು. ಅವನು ಟಬ್ಬಿನಿಂದ ಒಂದು ಬೋರ್ಡು ತೆಗೆದು ತೊಳೆದು, ಐಸಿಯೊಂದನ್ನು ತಾಮ್ರದ ಕಡೆಯಿಂದ ಕೂರಿಸಿ, ಅದರ ಹೊಟ್ಟೆಯಡಿ ಪಕ್ಕದಿಂದ ಕಾವಿ ತೂರಿಸಿದ. ನಾನು ಎದ್ದು ನಿಂತೆ. ಬೋರ್ಡಿನ ಮೂಲೆಯಲ್ಲಿ ಎಚ್.

"ಯಪ್ಪಾ, ಇದನ್ಯಾಕ ಈ ಕಡಿಂದ ಹಾಕ್ತೀ?" ಎಂದೆ. ನನ್ನ ಬಾಯಿಗೆ ಊರಿನ ಮಾತು ತಾನಾಗಿ ಬಂತು.

"ಇದು ಹಿಂಗಾ ಹಾಕಬೇಕ್ರಿ ಮೇಡಂ." ಅವನು ತಲೆ ಎತ್ತಲಿಲ್ಲ. "ಕರೂರು ಡಿಸೈನ್ ಅಂತಾರ ಇದಕ್ಕ. ಸುತ್ತಾ ಹಳ್ಳ್ಯಾಗ ಎಲ್ಲಾ ಇದಾ. ರಿಲೇ ಹೊರಗ ಇರತೈತಿ ನೋಡ್ರಿ, ಮೊದಲು ಸುಡಾದು ಅದಾ, ಐದು ನಿಮಿಷದಾಗ ಬದಲು ಮಾಡಬೌದು. ಯಾರೋ ಭಾಳ ಶಾಣ್ಯಾರು ಮಾಡ್ಯಾರ."

"ಯಾರು ಕಲಿಸಿದ್ರು ನಿನಗ?"

"ಎರ್ರಣ್ಣ ಅಂತ ಇದ್ರು. ತೀರಿ ಹೋಗಿ ಆರು ವರ್ಷಾತು. ಈ ಫಿಲ್ಮ್ ಅವ್ರದಾ, ಬಳ್ಳಾರಿಯಿಂದ ತಂದಿದ್ದು. ನಾನೂ ಮೊದಲು ಕೇಳಿದ್ದೆ, ಇದು ಉಲ್ಟಾ ಅಲ್ಲನು ಅಂತ. ಬೈದ್ರು ನಂಗ. ಕಂಪ್ಯೂಟರ್‌ನಾಗ ಮಾಡಿದ ಹುಡುಗಿ ಬೇಕಂತಾ ಹಿಂಗ ಮಾಡ್ಯಾಳ, ಭಾಳ ಓದಿದಾಕಿ, ಫಿಲ್ಮ್ ತಿರುವಾದು ಮರೀಬ್ಯಾಡ, ಬ್ಯಾರೆ ಏನೂ ಬದಲು ಮಾಡಬ್ಯಾಡ ಅಂದ್ರು."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. "ಆ ಹುಡುಗಿ ನಾನಾ," ಎಂದೆ. "ಅದು ತಪ್ಪಪ್ಪಾ. ಡಿಸೈನ್ ಅಲ್ಲ ಏನಲ್ಲ, ಬರೇ ತಪ್ಪು. ಎರ್ರಣ್ಣ ತಿರುವಿದ್ದ, ನಾನೂ ತಿರುವಿದ್ದೆ. ನಾ ಹೇಳ್ಲಿಲ್ಲ. ಬೈಸಿಕೊಂಡಾವ ಅವನೊಬ್ಬನಾ."

ಗಾದಿಲಿಂಗ ಕಾವಿ ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ನನ್ನ ನರೆತ ತಲೆ, ಬೆವರಿದ ಮುಖ, ಕೈಯಲ್ಲಿನ ಹಣ್ಣಿನ ಚೀಲ.

"ಬಿಸಿಲು ಭಾಳ ಐತ್ರಿ ಮೇಡಂ," ಎಂದು ಮೆತ್ತಗೆ ಹೇಳಿ ನೀರಿನ ಚೊಂಬು ನನ್ನ ಕಡೆ ಸರಿಸಿದ. "ಕುಂದ್ರಿ. ಬಸ್ಸು ಬಂದ್ರ ನಾ ಹೇಳ್ತೀನಿ."

ಆಮೇಲೆ ಇನ್ನೊಂದು ಐಸಿ ಎತ್ತಿಕೊಂಡು, ಅದನ್ನೂ ತಾಮ್ರದ ಕಡೆಯಿಂದಲೇ ಇಳಿಸಿದ.